ಹಬೆಯಮ್ಮನ ಜಲ್ಲಿಕಲ್ಲು

ನನ್ನ ಬಲಮಂಡಿ ಮಡಚುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರುವ ಮೀನು, ಕಲ್ಲು, ಜಗಳ ಎಲ್ಲದರ ಬುಡ ಅಲ್ಲೇ ಇದೆ. ಮೂವತ್ತೆರಡು ವರ್ಷ ಸಿಟಿ ಬಸ್ಸು ಓಡಿಸಿದವನು ನಾನು. ನಿವೃತ್ತಿಗೆ ಸ್ವಲ್ಪ ದಿನ ಇರುವಾಗ ಮಂಡಿಗೆ ಆಪರೇಷನ್ ಆಯಿತು. ಆಪರೇಷನ್ನಿನ ಗಾಯಕ್ಕೆ ಸೋಂಕು ತಗುಲಿತು. ಸೋಂಕು ಇಳಿಯುವಷ್ಟರಲ್ಲಿ ಮಂಡಿ ತುಕ್ಕು ಹಿಡಿದ ಚಿಲಕದ ಹಾಗೆ ಬಿಗಿದು ಕೂತಿತ್ತು. ಅದಾಗಿ ನಾಲ್ಕು ವರ್ಷ.

ಮೊದಲು ಹಿತ್ತಲಲ್ಲಿ ನನ್ನದೊಂದು ಪುಟ್ಟ ತರಕಾರಿ ಮಡಿ ಇತ್ತು. ಬಗ್ಗಲು, ಕುಕ್ಕರುಗಾಲಲ್ಲಿ ಕೂರಲು ಆಗದವನಿಗೆ ನೆಲ ಎಟುಕುವುದಿಲ್ಲ. ಹಿತ್ತಲ ಬಾಗಿಲ ಪಕ್ಕದ ಕುರ್ಚಿಯೇ ನನಗೆ ಕಾಯಂ ಸೀಟಾಯಿತು. ಅಲ್ಲಿ ಕೂತು, ನಾನು ಟೊಮ್ಯಾಟೊ ಬೆಳೆಯುತ್ತಿದ್ದ ಜಾಗದಲ್ಲಿ ಕಳೆ ನನ್ನನ್ನು ಕೇಳದೆ ಸೊಂಪಾಗಿ ಬೆಳೆಯುವುದನ್ನು ನೋಡುತ್ತಿದ್ದೆ. ನನ್ನ ಕೈಯಿಂದ ಇನ್ನೊಂದು ಸಲ ಏನಾದರೂ ಚಿಗುರಬೇಕು, ಇಲ್ಲದಿದ್ದರೆ ಕುರ್ಚಿಯ ಜೊತೆ ನನ್ನನ್ನೂ ಗುಜರಿಗೆ ಹಾಕಬಹುದು ಅನ್ನಿಸುತ್ತಿತ್ತು. ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

ಇನ್ನು ನನ್ನಾಕೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಕತ್ತರಿ, ಚಿಮಟ, ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ಕೋಣೆ ಇರುತ್ತದಲ್ಲ, ಅದಕ್ಕೆ ಮೂವತ್ತು ವರ್ಷ ಅವಳೇ ಯಜಮಾನಿ. ಅಲ್ಲಿ ಎಲ್ಲರೂ ಅವಳನ್ನು ಹಬೆಯಮ್ಮ ಎಂದೇ ಕರೆಯುತ್ತಿದ್ದರು. ಪ್ರತಿ ಟ್ರೇಗೂ ಒಂದು ಅಂಟುಪಟ್ಟಿ ಹಚ್ಚುತ್ತಾರೆ. ಪಟ್ಟಿಯ ಮೇಲೆ ಮಸುಕು ಗೆರೆಗಳಿರುತ್ತವೆ, ಹಬೆ ತಾಗಬೇಕಾದಷ್ಟು ತಾಗಿದರೆ ಗೆರೆ ಕಪ್ಪಾಗುತ್ತದೆ. ಕಪ್ಪಾದದ್ದನ್ನು ಕಣ್ಣಾರೆ ನೋಡಿ, ಪಟ್ಟಿಯನ್ನು ಪುಸ್ತಕಕ್ಕೆ ಅಂಟಿಸಿ ಸಹಿ ಹಾಕಿದ ಮೇಲೆಯೇ ಟ್ರೇ ಆ ಕೋಣೆ ದಾಟಬೇಕು. ನಿವೃತ್ತಿಯಾದ ಮೇಲೆ ಮನೆಯಲ್ಲೂ ಅವಳದು ಅದೇ ಕಾನೂನು. ನಮ್ಮ ಮನೆಯ ಚಮಚಗಳ ಮೇಲೆ ಯಾರು ಬೇಕಾದರೂ ಆಪರೇಷನ್ ಮಾಡಿಸಿಕೊಳ್ಳಬಹುದು ಎಂದು ನಾನು ರೇಗಿಸುತ್ತಿದ್ದೆ.

ಒಂದು ವಿಷಯಕ್ಕೆ ಮಾತ್ರ ರೇಗಿಸಲು ಬಾಯಿ ಬರುತ್ತಿರಲಿಲ್ಲ. ಸಂಜೆ ಅವಳು ನನ್ನ ಮಂಡಿಗೆ ಎಣ್ಣೆ ಹಚ್ಚುತ್ತಿದ್ದಳು, ರಬ್ಬರ್ ಕೈಗವಸು ತೊಟ್ಟು. ಗಾಯ ಇದ್ದಾಗ ಸರಿ. ಗಾಯ ಮಾಯ್ದು ಮೂರು ವರ್ಷವಾದರೂ ಕೈಗವಸು ಹೋಗಲಿಲ್ಲ. ನನ್ನ ಮಂಡಿ ಕಂಡರೆ ಅವಳಿಗೆ ಹೇಸಿಗೆ ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ಮನಸ್ಸಿಗೆ ನೋವಾಗುತ್ತಿತ್ತು. ಹೇಳಿಕೊಂಡರೆ ಸಣ್ಣವನಾಗುತ್ತೇನೆ ಎಂದು ಸುಮ್ಮನಿದ್ದೆ.

ಹೀಗಿರುವಾಗ ಫಿಸಿಯೋಥೆರಪಿ ಕೋಣೆಯ ಗೋಡೆಯ ಟಿವಿಯಲ್ಲಿ ಆ ಮನುಷ್ಯನನ್ನು ನೋಡಿದೆ. ಸೊಂಟದೆತ್ತರದ ತೊಟ್ಟಿಯ ಮುಂದೆ ನಿಂತುಕೊಂಡೇ ಸೊಪ್ಪು ಕೀಳುತ್ತಿದ್ದ. ತೊಟ್ಟಿಯಲ್ಲಿ ಮಣ್ಣಿಲ್ಲ, ಬರೀ ಕಲ್ಲು. ಕೆಳಗಿನ ತೊಟ್ಟಿಯಲ್ಲಿ ಮೀನು. ಟಿವಿಯ ದನಿ ಅಡಗಿಸಿದ್ದರು. ಆ ಕೋಣೆಯಲ್ಲಿ ಹಾಗೇ, ರೋಗಿ ನರಳಿದರೆ ಕೇಳಬೇಕಂತೆ. ಮಣ್ಣಿಲ್ಲದೆ ಹೇಗೆ? ಮೀನಿಗೂ ಸೊಪ್ಪಿಗೂ ಏನು ಸಂಬಂಧ? ಅವನ ತುಟಿ ಅಲ್ಲಾಡುತ್ತಿದೆ, ಉತ್ತರ ಹೇಳುತ್ತಿದ್ದಾನೆ, ನನಗೆ ಕೇಳುತ್ತಿಲ್ಲ. ನನ್ನ ಕಾಲನ್ನು ಮೇಲೆತ್ತಿಸಿ ಎಣಿಸುತ್ತಿದ್ದ ಹುಡುಗಿಗೆ, "ಅಮ್ಮಾ, ಸೌಂಡು ಕೊಡು" ಅಂದೆ. "ಅಂಕಲ್, ಇನ್ನೂ ಹನ್ನೆರಡು ಸಲ ಎತ್ತಿ" ಅಂದಳು. ಎತ್ತುವಷ್ಟರಲ್ಲಿ ಕಾರ್ಯಕ್ರಮ ಮುಗಿದು ಸೋಪಿನ ಜಾಹೀರಾತು ಬಂತು.

ಅದರ ಹೆಸರು ಅಕ್ವಾಪೋನಿಕ್ಸ್ ಎಂದು ಆಮೇಲೆ ಗೊತ್ತಾಯಿತು. ಒಂದು ವಾರ ಮೊಬೈಲಿನಲ್ಲಿ ಹುಡುಕಿ ಹುಡುಕಿ ನೋಡಿದೆ. ಡ್ರೈವರ್ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಸರ್ಕ್ಯುಲರ್ ರೂಟು. ಮೀನಿನ ತೊಟ್ಟಿಯ ನೀರನ್ನು ಪಂಪು ಮೇಲಿನ ಕಲ್ಲಿನ ತೊಟ್ಟಿಗೆ ಹತ್ತಿಸುತ್ತದೆ. ನೀರಿನಲ್ಲಿರುವ ಮೀನಿನ ಕೊಳೆಯನ್ನು ಗಿಡ ತಿನ್ನುತ್ತದೆ. ಶುದ್ಧವಾದ ನೀರು ತಿರುಗಿ ಮೀನಿಗೇ ಇಳಿಯುತ್ತದೆ. ಇಷ್ಟು ತಿಳಿದದ್ದೇ ಎಲ್ಲ ತಿಳಿಯಿತೆಂದು ಹೊರಟೆ. ನಡುವೆ ಒಂದು ಸ್ಟಾಪು ಬಿಟ್ಟುಹೋಗಿದೆ ಅನ್ನುವುದು ಆಗ ಗೊತ್ತಿರಲಿಲ್ಲ.

ಗುಜರಿ ಅಂಗಡಿಯಿಂದ ಮೂಲೆ ಮುಕ್ಕಾದ ಚಿಕ್ಕದೊಂದು ಬಾತ್‌ಟಬ್ ತಂದೆ. ಅದು ಗಿಡಕ್ಕೆ. ಇನ್ನೂರು ಲೀಟರಿನ ನೀಲಿ ಡ್ರಮ್ಮನ್ನು ಅಡ್ಡ ಮಲಗಿಸಿ ಮೇಲ್ಭಾಗ ಕತ್ತರಿಸಿದೆ. ಅದು ಮೀನಿಗೆ. ಬಾತ್‌ಟಬ್ಬನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಸರಿಯಾಗಿ ನನ್ನ ಸೊಂಟದೆತ್ತರಕ್ಕೆ ನಿಲ್ಲಿಸಿದೆ. ಇನ್ನು ಹನ್ನೆರಡು ಚೀಲ ಜಲ್ಲಿ ಸುರಿಯುವುದೊಂದೇ ಬಾಕಿ ಅನ್ನುವಾಗ ನನ್ನಾಕೆ ಅಡ್ಡ ನಿಂತಳು.

"ಈ ಕಲ್ಲು ಎಲ್ಲಿತ್ತು ಇಷ್ಟು ದಿನ?"

"ರಸ್ತೆ ಬದಿ ರಾಶಿ ಹಾಕಿದ್ರು."

"ನಾಯಿ ಓಡಾಡೋ ಕಡೆ."

"ನಾಯಿ ಓಡಾಡದ ರಸ್ತೆ ಯಾವ್ದಿದೆ ಕಣೇ?"

ಮೂರು ದಿನ ಮನೆಯ ಅತಿ ದೊಡ್ಡ ಪಾತ್ರೆಯಲ್ಲಿ ಜಲ್ಲಿ ಕುದಿಯಿತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, ಬೆಂದಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಆದರೆ ಕೊನೆಗೆ ಬಾತ್‌ಟಬ್ಬಿಗೆ ಸುರಿದಾಗ ಆ ಕಲ್ಲುಗಳು ಹೊಳೆದ ರೀತಿ ನೋಡಿ ನನಗೂ ಹೆಮ್ಮೆಯಾಯಿತು.

ಮೀನು ಸಾಕಿ ಮಾರುವ ಹೆಂಗಸೊಬ್ಬಳಿದ್ದಳು, ಬಸ್ಸು ನಿಲ್ದಾಣದ ಹಿಂದಿನ ಓಣಿಯಲ್ಲಿ. ಎಲ್ಲರೂ ಮೀನಿನಕ್ಕ ಅನ್ನುತ್ತಾರೆ. ಮೊಣಕಾಲುದ್ದದ ಬೂಟು, ಕಿವಿಯ ಮೇಲೆ ಪೆನ್ನು. ಮೀನು ಕೊಡುವ ಮೊದಲು ಹೆಣ್ಣು ಕೊಡುವವರ ಹಾಗೆ ವಿಚಾರಿಸಿದಳು.

"ನೀರು ಎಷ್ಟು ದಿನದಿಂದ ಓಡ್ತಿದೆ?"

"ಒಂದು ವಾರ."

"ಆರು ವಾರ ಓಡ್ಲಿ."

"ಖಾಲಿ ಬಸ್ಸು ಎಷ್ಟು ದಿನ ಓಡಿಸ್ಲಿ ಅಕ್ಕಾ? ಪ್ಯಾಸೆಂಜರ್ ಕೊಡಿ."

ಅವಳು ನಗಲಿಲ್ಲ. ನನ್ನ ಕಾಲು ನೋಡಿದಳು, ಕೋಲು ನೋಡಿದಳು. ಏನನ್ನಿಸಿತೋ, ಅಂಗೈ ಉದ್ದದ ಏಳು ತಿಲಾಪಿಯಾ ಹಿಡಿದು ನೀರಿನ ಚೀಲಕ್ಕೆ ಹಾಕಿದಳು. ಜೊತೆಗೊಂದು ಚಿಕ್ಕ ಡಬ್ಬಿ. ಅದರಲ್ಲಿ ಔಷಧಿಯ ಸೀಸೆಗಳು, ಗಾಜಿನ ನಳಿಕೆಗಳು, ಬಣ್ಣದ ಚೌಕಗಳಿದ್ದ ಒಂದು ಕಾರ್ಡು.

"ಮೀನಿನ ಕೊಳೆಯಿಂದ ಅಮೋನಿಯಾ ಬರುತ್ತೆ. ಅದು ವಿಷ. ದಿನಾ ನೀರಿಗೆ ಈ ಹನಿ ಹಾಕಿ ನೋಡಿ. ಹಳದಿ ಇದ್ರೆ ಕ್ಷೇಮ. ಹಸಿರಾದ್ರೆ ಗಂಡಾಂತರ. ಮತ್ತೆ ಡ್ರೈವರಣ್ಣ, ಏಳೂ ಸತ್ತರೆ ನನ್ನ ಹತ್ರ ಎಂಟನೇದು ಕೇಳ್ಬೇಡಿ. ಮೀನು ಸಾಯಿಸೋರಿಗೆ ನಾನು ಮೀನು ಕೊಡಲ್ಲ."

ಮೊದಲ ಎರಡು ದಿನ ಹಳದಿ. ಮೂರನೆಯ ದಿನ ತಿಳಿಹಸಿರು. ಐದನೆಯ ದಿನ ನಳಿಕೆಯೊಳಗೆ ಎಳೆ ಹುಲ್ಲಿನ ಬಣ್ಣ. ಮೀನುಗಳು ನೀರಿನ ಮೇಲ್ಪದರಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಟಿವಿಯ ಆ ಮನುಷ್ಯ ನೆನಪಾದ. ಇವೂ ಏನೋ ಹೇಳುತ್ತಿವೆ, ದನಿ ಇಲ್ಲ.

ಆರನೆಯ ದಿನ ಒಂದು ಸತ್ತಿತು. ಎಂಟನೆಯ ದಿನ ಇನ್ನೊಂದು.

ನಾನು ಸುಮ್ಮನೆ ಬಿಡುವ ಜಾತಿಯವನಲ್ಲ. ಬಸ್ಸು ಕೆಟ್ಟು ನಿಂತರೆ ಮೆಕ್ಯಾನಿಕ್ ಬರುವ ಮೊದಲೇ ಬಾನೆಟ್ಟಿನೊಳಗೆ ತಲೆ ತೂರಿಸುತ್ತಿದ್ದವನು. ಪಂಪಿಗೆ ಕಿವಿಯಿಟ್ಟು ಕೇಳಿದೆ, ಸದ್ದು ನಯವಾಗಿಯೇ ಇತ್ತು. ತಿಂಡಿ ಅರ್ಧಕ್ಕಿಳಿಸಿದೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆಂದು ಓದಿ, ಎರಡು ದಿನ ಬಕೆಟ್ಟಿನಲ್ಲಿ ತೆರೆದಿಟ್ಟ ನೀರನ್ನೇ ಹಾಕಿದೆ. ಸ್ವಲ್ಪ ನೀರು ತೆಗೆದು ಹೊಸದು ಹಾಕಿದ ದಿನ ಹಸಿರು ಇಳಿಯುತ್ತಿತ್ತು, ಮಾರನೆಯ ದಿನ ಮತ್ತೆ ಅಲ್ಲಿಗೇ. ಜಲ್ಲಿಯಲ್ಲಿ ನೆಟ್ಟ ಪುದೀನ ಬದುಕಿತ್ತು, ಅಷ್ಟೇ. ಚಿಗುರುವ ಯೋಚನೆ ಇದ್ದ ಹಾಗೆ ಕಾಣಲಿಲ್ಲ. ಅದರ ಬೇರಿನ ಕೆಳಗೇ ವಿಷ ಹರಿಯುತ್ತಿದೆ, ಗಿಡಕ್ಕೆ ಅದು ಗೊಬ್ಬರವಂತೆ, ಮತ್ತೆ ಯಾಕೆ ತಿನ್ನುತ್ತಿಲ್ಲ? ಈ ಒಂದು ಪ್ರಶ್ನೆ ನನ್ನ ತಲೆಯೊಳಗೆ ಸೊಳ್ಳೆಯ ಹಾಗೆ ಗುಂಯ್‌ಗುಟ್ಟುತ್ತಿತ್ತು.

ಇನ್ನೊಂದು ಸಣ್ಣ ಸಂಗತಿಯೂ ಇತ್ತು. ಮಧ್ಯಾಹ್ನದ ಮಾತ್ರೆ ನುಂಗಿದರೆ ಎರಡರಿಂದ ನಾಲ್ಕರವರೆಗೆ ನನಗೆ ಮಂಪರು. ಆ ಮಂಪರಿನಲ್ಲಿ ಕುಕ್ಕರ್ ಕೂಗುವುದು ಕೇಳುತ್ತಿತ್ತು. ಒಂದು ಸಲ ಅಲ್ಲ, ಹತ್ತು ಹದಿನೈದು ಸಲ. ಸಂಜೆ ಎದ್ದು ಏನು ಬೇಯಿಸಿದೆ ಎಂದು ಆಸೆಯಿಂದ ಕೇಳಿದರೆ, ಬೆಳಗಿನದೇ ಇದೆ, ಬಿಸಿ ಮಾಡ್ತೀನಿ ಅನ್ನುತ್ತಿದ್ದಳು. ಕನಸಿರಬೇಕು ಅಂದುಕೊಂಡೆ. ಹಸಿದವನ ಕನಸಿನಲ್ಲಿ ಕುಕ್ಕರ್ ಕೂಗುವುದರಲ್ಲಿ ವಿಚಿತ್ರವೇನಿಲ್ಲ.

ಮೂರನೆಯ ವಾರಕ್ಕೆ ಮೀನು ಮೂರಾದವು. ಅವತ್ತು ಮಧ್ಯಾಹ್ನದ ಮಾತ್ರೆ ನುಂಗದೆ, ಹಸಿರು ನೀರಿನ ನಳಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಆಟೋ ಹತ್ತಿ ಮೀನಿನಕ್ಕನ ಮುಂದೆ ಹೋಗಿ ನಿಂತೆ. ಎಂಟನೆಯ ಮೀನು ಕೇಳಲು ಬಂದಿಲ್ಲ, ಉಳಿದ ಮೂರನ್ನು ಉಳಿಸಿಕೊಡಿ ಎಂದು ಕೇಳಲು ಬಂದಿದ್ದೇನೆ ಅಂದೆ. ಅಂಥ ದನಿಯಲ್ಲಿ ನಾನು ಡಿಪೋ ಮ್ಯಾನೇಜರನ ಮುಂದೆಯೂ ಮಾತಾಡಿದವನಲ್ಲ.

ಅವಳು ನಳಿಕೆಯನ್ನು ಬೆಳಕಿಗೆ ಹಿಡಿದಳು. "ನಿಮ್ಮ ಕಲ್ಲು ಮುಟ್ಟಿದ್ರೆ ಹೇಗಿದೆ? ಜಾರುತ್ತಾ?"

"ಜಾರೋದಾ? ಕನ್ನಡಿ ಹಾಗೆ ಹೊಳೀತಾ ಇದೆ."

"ಮೂರು ವಾರ ಆದ್ಮೇಲೂ ಹೊಳೀತಿದೆಯಾ?"

ತನ್ನ ಹಳೆಯ ಗಿಡದ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ನನ್ನ ಕೈಯನ್ನು ಕಲ್ಲಿನೊಳಗೆ ತೂರಿಸಿದಳು. ಬೆರಳಿಗೆ ಕಂದು ಲೋಳೆ ಅಂಟಿತು. ನಾನು ಮೂಗು ಸೊಟ್ಟ ಮಾಡಿದೆ.

"ಹಾಗೆ ಮಾಡ್ಬೇಡಿ. ಕೆಲಸ ಮಾಡೋದು ಇವೇ," ಅಂದಳು. "ಈ ಲೋಳೇಲಿ ಕೋಟಿಗಟ್ಟಲೆ ಜೀವ ಇದೆ, ಕಣ್ಣಿಗೆ ಕಾಣಲ್ಲ. ಅಮೋನಿಯಾ ತಿಂದು ಗಿಡಕ್ಕೆ ಬೇಕಾದ ಗೊಬ್ಬರ ಮಾಡಿಕೊಡೋದು ಇವು. ಗಿಡ ನೇರವಾಗಿ ತಿನ್ನಲ್ಲ ಡ್ರೈವರಣ್ಣ, ಇವು ಬಡಿಸ್ಬೇಕು. ಇವು ಬಂದು ಸಂಸಾರ ಹೂಡೋಕೆ ಅಂತಲೇ ಆರು ವಾರ ಹೇಳಿದ್ದು. ನಿಮ್ಮಲ್ಲಿ ಇನ್ನೂ ಒಂದೂ ಬಂದ ಹಾಗಿಲ್ಲ. ಕಲ್ಲು ಯಾರಾದ್ರೂ ತೊಳೀತಿದ್ದಾರಾ?"

ನನ್ನ ಕಿವಿಯಲ್ಲಿ ಕುಕ್ಕರ್ ಕೂಗಿತು.

ಆ ಲೋಳೆಗಲ್ಲನ್ನೇ ಒಂದು ಡಬ್ಬಿ ತುಂಬಿಸಿ ಕೊಟ್ಟಳು. ಹೆಪ್ಪು ಹಾಕಿದ ಹಾಗೆ ಹಾಕಿ, ಆಮೇಲೆ ಯಾರೂ ಕೈ ಹಚ್ಚಬೇಡಿ ಅಂದಳು. ಆಟೋದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವಾಗ ಸಿಟ್ಟು ನೆತ್ತಿಗೇರಿತ್ತು. ಆದರೆ ಸಿಟ್ಟಿಗಿಂತ ಹೆಚ್ಚಾಗಿ, ಯಾಕೆ ಅನ್ನುವುದೇ ಕಾಡುತ್ತಿತ್ತು. ಮೊದಲ ಸಲ ಬೇಯಿಸಿದ್ದು ಅರ್ಥವಾಗುತ್ತದೆ. ಕದ್ದುಮುಚ್ಚಿ ಮತ್ತೆ ಮತ್ತೆ ಬೇಯಿಸುವುದು ಯಾಕೆ?

ಮನೆ ತಲುಪಿದಾಗ ಮೂರು ಗಂಟೆ. ಹಿತ್ತಲಲ್ಲಿ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಸಣ್ಣ ಗ್ಯಾಸ್ ಒಲೆಯ ಮೇಲೆ ದೊಡ್ಡ ಕುಕ್ಕರ್, ಪಕ್ಕದಲ್ಲಿ ಬಟ್ಟೆಯ ಮೇಲೆ ಹರಡಿದ ಬಿಸಿ ಜಲ್ಲಿ, ಕೈಯಲ್ಲಿ ಕೈಗವಸು. ಬಾತ್‌ಟಬ್ಬಿನ ಒಂದು ಮೂಲೆ ಖಾಲಿಯಾಗಿತ್ತು. ಕುಕ್ಕರಿನಿಂದ ಒಂದು ಸ್ಟೀಲ್ ಲೋಟ ತೆಗೆದು ಕಣ್ಣಿನ ಹತ್ತಿರ ಹಿಡಿದಿದ್ದಳು. ಲೋಟಕ್ಕೆ ಆಸ್ಪತ್ರೆಯ ಆ ಅಂಟುಪಟ್ಟಿ ಹಚ್ಚಿತ್ತು. ಗೆರೆಗಳು ಕಪ್ಪಾಗಿದ್ದವು. ಅವಳು ತೃಪ್ತಿಯಾಗದವಳ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ನನ್ನ ಮೀನು ಸಾಯಿಸ್ತಾ ಇರೋಳು ನೀನು," ಎಂದು ಕೂಗಿದೆ. ಪಕ್ಕದ ಮನೆಗೂ ಕೇಳಿರಬೇಕು. ಲೋಳೆಯ ವಿಷಯ, ಕಣ್ಣಿಗೆ ಕಾಣದ ಜೀವದ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. "ದಿನಾ ಒಂದೊಂದು ಮೂಲೆ ಬೇಯಿಸಿ ಎಲ್ಲಾನೂ ಕೊಂದು ಹಾಕ್ತಿದ್ದೀಯ. ನಾಲ್ಕು ಮೀನು ಹೋಯ್ತು. ನನಗೆ ಉಳಿದಿದ್ದು ಇದೊಂದೇ ಅಂತ ನಿನಗೆ ಗೊತ್ತಿಲ್ವಾ? ಇದೂ ಹೋದ್ರೆ ಆ ಕುರ್ಚಿಯಲ್ಲಿ ಕೂತು ಸಾಯ್ಲಾ?"

ಅವಳು ವಾಪಸ್ ಕೂಗುತ್ತಾಳೆ ಅಂದುಕೊಂಡಿದ್ದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನನ್ನ ಒಂದು ಕೂಗಿಗೆ ಎರಡು ಕೂಗು ಅವಳ ಲೆಕ್ಕ. ಅವತ್ತು ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು.

"ಹೌದು. ನಿಮ್ಮ ಕಾಲು ಕಳೆದಿದ್ದೂ ನಾನೇ," ಅಂದಳು.

ನನಗೆ ಅರ್ಥವಾಗಲಿಲ್ಲ. 

"ನಿಮ್ಮ ಆಪರೇಷನ್ ಟ್ರೇ ಹೋಗಿದ್ದು ನನ್ನ ಕೋಣೆಯಿಂದ. ಆವತ್ತು ನಲವತ್ತು ಟ್ರೇ ಇತ್ತು. ನಿಮ್ಮನ್ನ ಒಳಗೆ ಕರ್ಕೊಂಡು ಹೋಗ್ತಿದ್ದಾರೆ ಅಂತ ತಲೆ ಎಲ್ಲೋ ಇತ್ತು. ಪಟ್ಟಿ ಎಲ್ಲಾ ಸಾಲಾಗಿ ಅಂಟಿಸಿದೆ, ಸಹಿ ಹಾಕ್ದೆ. ಆಮೇಲೆ ನಿಮಗೆ ಸೋಂಕಾಯ್ತು."

"ಪುಸ್ತಕ ತೆಗೆದು ನೋಡ್ಲಿಲ್ವಾ?"

"ನೋಡ್ದೆ. ಎಷ್ಟು ಸಲ ನೋಡಿದೀನೋ. ಎಲ್ಲಾ ಕಪ್ಪಗೇ ಇದೆ. ಆದ್ರೆ ನಿಮ್ಮ ಟ್ರೇದು ನೋಡಿದೆನಾ, ಪಕ್ಕದ್ದನ್ನೇ ಎರಡು ಸಲ ನೋಡಿದೆನಾ? ನೆನಪಿಲ್ಲ ರೀ. ನಾಲ್ಕು ವರ್ಷದಿಂದ ನೆನಪು ಮಾಡ್ಕೊಳ್ತಾನೇ ಇದೀನಿ."

"ಸೋಂಕು ಬರೋಕೆ ಸಾವಿರ ದಾರಿ ಅಂತ ಡಾಕ್ಟ್ರೇ ಹೇಳಿದ್ರಲ್ಲ."

"ಆ ಸಾವಿರದಲ್ಲಿ ಒಂದು ನನ್ನ ಕೋಣೆ." ಅವಳು ತೊಟ್ಟಿಯ ಕಡೆ ಕೈ ತೋರಿಸಿದಳು. "ಆ ನೀರಲ್ಲಿ ಕೈ ಅದ್ದುತೀರಿ. ಅದೇ ಕೈಯಲ್ಲಿ ಮಂಡಿ ತುರಿಸ್ಕೋತೀರಿ. ಇನ್ನೊಂದು ಸಲ ಸೋಂಕಾದ್ರೆ ಕಾಲನ್ನೇ ತೆಗೀಬೇಕು ಅಂದಿದ್ರು. ನೀವು ಮಲಗಿದಾಗ ಬೇಯಿಸ್ತಿದ್ದೆ. ಇನ್ನೇನು ಮಾಡ್ಲಿ? ನನಗೆ ಗೊತ್ತಿರೋದು ಅದೊಂದೇ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಆಗ ಕೈಗವಸಿನ ಕಡೆ ನೋಡಿದೆ. ಮೂರು ವರ್ಷ ನಾನು ಹೇಸಿಗೆ ಅಂದುಕೊಂಡಿದ್ದು ಅದಲ್ಲ ಎಂದು ಹೊಳೆದು ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಆದರೂ ಸುಳ್ಳು ಹೇಳುವುದಿಲ್ಲ. ಕುರ್ಚಿಯಲ್ಲಿ ಹೋಗಿ ಕೂತ ಮೇಲೆ ಅರ್ಧ ಗಂಟೆ ಅವಳ ಮೇಲೆ ನನಗೆ ಸಿಟ್ಟೇ ಇತ್ತು. ಹಾಗಾದರೆ ಈ ಕಾಲು ಇವಳಿಂದಲೇ ಹೋಯಿತೇ? ಪಟ್ಟಿ ಕಪ್ಪಗಿತ್ತು ಅನ್ನುತ್ತಾಳೆ. ನೋಡಿದ ನೆನಪಿಲ್ಲ ಅನ್ನುತ್ತಾಳೆ. ನೋಡಿದ್ದು ನೆನಪಿಲ್ಲ ಅಂದರೆ ನೋಡಿಲ್ಲ ಅಂತಲೇ? ಅಲ್ಲಿಗೆ ಬಂದು ನನ್ನ ಯೋಚನೆ ಬ್ರೇಕ್ ಹಾಕಿದ ಹಾಗೆ ನಿಂತಿತು.

"ಇಲ್ಲಿ ಕೇಳು," ಅಂದೆ. ಅವಳು ಒಲೆ ಆರಿಸಿ ಅಲ್ಲೇ ಕೂತಿದ್ದಳು. "ನಾನು ಮೂವತ್ತೆರಡು ವರ್ಷ ಪ್ರತಿ ಸ್ಟಾಪಿನಲ್ಲೂ ಬಿಡೋ ಮೊದ್ಲು ಕನ್ನಡಿಯಲ್ಲಿ ಹಿಂದಿನ ಬಾಗಿಲು ನೋಡ್ತಿದ್ದೆ. ಲಕ್ಷಾಂತರ ಸಲ ನೋಡಿರಬೇಕು. ಒಂದೇ ಒಂದು ಸಲ ನೋಡಿದ್ದು ನೆನಪು ಮಾಡ್ಕೊಂಡು ಹೇಳು ಅಂದ್ರೆ, ನನಗೆ ಒಂದೂ ನೆನಪಿಲ್ಲ."

"ನಿಮ್ಮ ಬಸ್ಸಿಂದ ಯಾರೂ ಬೀಳಲಿಲ್ಲ," ಅಂದಳು.

ಕೋಲೂರಿ ಎದ್ದು ಡ್ರಮ್ಮಿನ ಹತ್ತಿರ ಹೋದೆ.

ಡ್ರಮ್ಮಿನಲ್ಲಿ ಮೂರು ಮೀನು ಬಾಯಿ ಬಿಡುತ್ತಿದ್ದವು. ಮೊದಲು ನೀರು ಬದಲಾಯಿಸಿದೆವು. ತಣ್ಣಗಾದ ಜಲ್ಲಿಯನ್ನು ತೊಟ್ಟಿಗೆ ಸುರಿದೆವು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ. ತೊಟ್ಟಿ ನನ್ನ ಸೊಂಟದೆತ್ತರಕ್ಕೇ ಇದೆ, ನಾನೇ ಹಾಕಬಹುದಿತ್ತು. ಹಾಕಲಿಲ್ಲ.

ಅವಳು ಬಗ್ಗಿ ಮೂಸಿದಳು. ಮುಖ ಸಿಂಡರಿಸಿದಳು. ಆಮೇಲೆ ಅವಳ ಹುಬ್ಬು ಮೇಲೇರಿತು, ಆಸ್ಪತ್ರೆಗೆ ಹೊಸ ಯಂತ್ರ ಬಂದಾಗ ಏರುತ್ತಿದ್ದ ಹಾಗೆ. "ಇದರಲ್ಲಿ ಯಾವ ಕ್ರಿಮಿ ಇದೆ?"

"ಹೆಸರು ಗೊತ್ತಿಲ್ಲ. ವಿಷ ತಿಂದು ಗೊಬ್ಬರ ಮಾಡುತ್ತಂತೆ."

"ಕೊಲ್ಲೋದು ಹೇಗೆ ಅಂತ ಕೇಳಿದ್ರೆ ಎಷ್ಟು ಡಿಗ್ರಿ, ಎಷ್ಟು ನಿಮಿಷ ಅಂತ ಹೇಳ್ತಿದ್ದೆ. ಸಾಕೋದು ಹೇಗೆ?"

"ಏನೂ ಮಾಡದೆ ಇರೋದಂತೆ."

"ಅದು ಕಷ್ಟ," ಅಂದಳು. ಕೈಗವಸು ತೊಟ್ಟ ಕೈಯಿಂದಲೇ ಲೋಳೆಗಲ್ಲುಗಳನ್ನು ಒಂದೊಂದಾಗಿ ಪುದೀನದ ಬುಡದಲ್ಲಿ ಹೂತಿಟ್ಟಳು. ನನ್ನಿಂದ ಒಂದು ಮಾತು ಪಡೆದಳು: ತೊಟ್ಟಿಯಲ್ಲಿ ಕೈ ಅದ್ದಿದರೆ ಸೋಪು ಹಾಕಿ ತೊಳೆಯದೆ ಮಂಡಿ ಮುಟ್ಟಬಾರದು. ಕೊಟ್ಟೆ.

ಮಾರನೆಯ ದಿನದಿಂದ ಬಣ್ಣ ನೋಡುವ ಕೆಲಸ ಅವಳಿಗೆ ಹೋಯಿತು. ನಾನು ನಳಿಕೆಯನ್ನು ಕಾರ್ಡಿನ ಪಕ್ಕ ಹಿಡಿದು ಹಸಿರು ಅಂದರೆ, ಎಂಥ ಹಸಿರು ಎಂದು ಕಿತ್ತುಕೊಳ್ಳುತ್ತಿದ್ದಳು. ಹನಿ ಬಿದ್ದ ಮೇಲೆ ಐದು ನಿಮಿಷ ಕಾಯಿರಿ ಎಂದು ಚೀಟಿಯಲ್ಲಿದ್ದರೆ ಗಡಿಯಾರ ಹಿಡಿದು ಐದು ನಿಮಿಷ ಕಾಯುವವಳು ಅವಳೊಬ್ಬಳೇ. ನೋಟ್‌ಬುಕ್ಕಿಗೆ ಗೆರೆ ಎಳೆದು ದಿನಾಂಕ, ಹೊತ್ತು, ಬಣ್ಣ ಬರೆದಳು. ಸಹಿಯ ಜಾಗದಲ್ಲಿ ಪೆನ್ನು ನಿಂತಿತು.

"ನೀವೂ ನೋಡಿ," ಎಂದು ನಳಿಕೆಯನ್ನು ನನ್ನ ಕೈಗೆ ಕೊಟ್ಟಳು. "ನೋಡಿದ್ರಾ? ಸರಿಯಾಗಿ ನೋಡಿದ್ರಾ? ಹಾಗಿದ್ರೆ ನನ್ನ ಸಹಿ ಪಕ್ಕ ನಿಮ್ಮದೂ ಹಾಕಿ."

ಅಂದಿನಿಂದ ದಿನವೂ ಎರಡು ಸಹಿ. ನಿವೃತ್ತಿಯಾದ ಮೇಲೆ ನಾನು ಇಷ್ಟು ಸಹಿ ಎಲ್ಲೂ ಹಾಕಿರಲಿಲ್ಲ.

ಮಧ್ಯಾಹ್ನ ಕುಕ್ಕರ್ ಕೂಗುವುದು ನಿಂತಿತು. ಆ ಹೊತ್ತಿನಲ್ಲಿ ಅವಳು ತೊಟ್ಟಿಯ ಮುಂದೆ ಕೈ ಕಟ್ಟಿಕೊಂಡು ನಿಂತಿರುತ್ತಿದ್ದಳು. ಕಲ್ಲಿನ ಹೊಳಪು ಹೋಗುತ್ತಿತ್ತು. ಪೈಪಿನ ಬಾಯಲ್ಲಿ ಕಂದು ಪಸೆ ಕಂಡ ದಿನ ಅವಳ ಕೈ ತನ್ನಷ್ಟಕ್ಕೆ ಒರೆಸುವ ಬಟ್ಟೆಗೆ ಹೋಯಿತು. ನಾನು ಕೆಮ್ಮಿದೆ. ಬಟ್ಟೆ ಹಿಡಿದುಕೊಂಡು ಒಳಗೆ ಹೋಗಿ, ಮೊದಲೇ ಸ್ವಚ್ಛವಾಗಿದ್ದ ಅಡುಗೆಮನೆ ಕಟ್ಟೆಯನ್ನು ಇನ್ನೊಮ್ಮೆ ಒರೆಸಿದಳು.

ಎರಡನೆಯ ವಾರ ಹಸಿರು ಇಳಿಯತೊಡಗಿತು. ನಾನು ಕುಣಿಯುವುದೊಂದು ಬಾಕಿ. ಅವಳು ಮಾತ್ರ ಇನ್ನೊಂದು ಸೀಸೆ ತೆಗೆದು ಹನಿ ಹಾಕಿದಳು. ಆ ನಳಿಕೆ ನೇರಳೆಯಾಯಿತು, ದಿನದಿಂದ ದಿನಕ್ಕೆ ಗಾಢವಾಯಿತು. ನಾನು ಹೋಗಿ ಮೀನು ಎಣಿಸಿದೆ. ಅವಳು ಮೀನಿನಕ್ಕನಿಗೆ ಫೋನ್ ಹಚ್ಚಿ ಅರ್ಧ ಗಂಟೆ ಮಾತಾಡಿದಳು. ಆ ದನಿಯಲ್ಲಿ ಭಯ ಇರಲಿಲ್ಲ. ಪರೀಕ್ಷೆಗೆ ಓದುವ ಹುಡುಗಿಯ ದನಿ ಅದು.

"ಎರಡು ಜಾತಿ ಇವೆಯಂತೆ ರೀ," ಎಂದು ಓಡಿ ಬಂದಳು. "ಮೊದಲನೆಯವು ಅಮೋನಿಯಾ ತಿಂದು ಇನ್ನೊಂದು ವಿಷ ಮಾಡ್ತವೆ, ಅದೇ ಈ ನೇರಳೆ. ಎರಡನೆಯವು ಬಂದು ಆ ವಿಷ ತಿಂದು ಗೊಬ್ಬರ ಮಾಡ್ತವೆ. ಮೊದಲನೆಯವು ಬಂದಾಯ್ತು. ಎರಡನೆಯವು ಇನ್ನೂ ಸಾಕಷ್ಟು ಆಗಿಲ್ಲ."

"ಕನೆಕ್ಷನ್ ಬಸ್ಸು ಲೇಟು ಅನ್ನು."

"ಅಷ್ಟೇ. ಅಲ್ಲೀವರೆಗೆ ಚೂರು ಉಪ್ಪು ಹಾಕಿ, ನೀರು ಬದಲಾಯಿಸ್ತಾ ಇರಿ ಅಂದ್ರು. ಬೇಗ ಬರೋ ಹಾಗೆ ಏನಾದ್ರೂ ಮಾಡಬಹುದಾ ಅಂತ ಕೇಳ್ದೆ."

"ಏನಂದಳು?"

"ಹಬೆಯಮ್ಮ, ಕೈ ಹಿಂದೆ ಕಟ್ಕೊಳ್ಳಿ ಅಂದ್ರು." ಹೇಳಿ ನಕ್ಕಳು. ಆ ಹೆಸರು ಮೀನಿನಕ್ಕನವರೆಗೆ ಹೇಗೆ ತಲುಪಿತೋ ನನಗೆ ಗೊತ್ತೇ ಇಲ್ಲ ಎಂಬಂತೆ ನಾನು ಆಕಾಶ ನೋಡಿದೆ.

ಹನ್ನೊಂದು ದಿನ ನೇರಳೆ ಹಾಗೇ ಇತ್ತು. ಮೂರು ಮೀನುಗಳಲ್ಲಿ ಒಂದು ತಳದಲ್ಲಿ ಓರೆಯಾಗಿ ನಿಂತುಬಿಟ್ಟಿತ್ತು. ದಿನವೂ ಬೆಳಗ್ಗೆ ನಾವಿಬ್ಬರೂ ಮುಖ ತೊಳೆಯುವ ಮೊದಲೇ ಡ್ರಮ್ಮಿನ ಹತ್ತಿರ ಹೋಗಿ ಎಣಿಸುತ್ತಿದ್ದೆವು. ಒಂದು, ಎರಡು, ಮೂರು. ಅಷ್ಟು ಸಣ್ಣ ಲೆಕ್ಕಕ್ಕೆ ಅಷ್ಟು ಹೆದರಿದ್ದು ನೆನಪಿಲ್ಲ.

ಹನ್ನೆರಡನೆಯ ದಿನ ನೇರಳೆ ಮಸುಕಾಯಿತು. ಅದರ ಮಾರನೆಯ ದಿನ ಇನ್ನಷ್ಟು. ಪುದೀನದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಗುರು ಕಂಡಿತು. ಲೋಳೆಗಲ್ಲು ಹಾಕಿದ ಆರನೆಯ ವಾರದ ಕೊನೆಗೆ ಒಂದು ಸಂಜೆ ಮೊದಲ ನಳಿಕೆಗೆ ಹನಿ ಹಾಕಿ ಐದು ನಿಮಿಷ ಕಾದೆವು. ಹಳದಿ. ಎರಡನೆಯದು ತಿಳಿನೀಲಿ, ನೇರಳೆಯ ಸುಳಿವಿಲ್ಲ. ಅವಳು ಎರಡನ್ನೂ ಬಿಳಿ ಗೋಡೆಗೆ ಹಿಡಿದು ನೋಡಿದಳು, ನನಗೆ ಕೊಟ್ಟಳು. ನಾನು ನೋಡಿದೆ. ಸರಿಯಾಗಿಯೇ ನೋಡಿದೆ. ಈ ನೋಡಿದ್ದನ್ನು ಮರೆಯಬಾರದೆಂದು ಗೋಡೆಯ ಮೇಲಿನ ಬಿರುಕು, ಅವಳ ಕಿವಿಯ ಹಿಂದಿನ ಬೆವರು, ಕೆಳಗೆ ನೀರು ಬೀಳುವ ಸದ್ದು ಎಲ್ಲವನ್ನೂ ಸೇರಿಸಿ ನೋಡಿದೆ. ಇಬ್ಬರೂ ಸಹಿ ಹಾಕಿದೆವು.

ಅವಳು ತೊಟ್ಟಿಯ ಹತ್ತಿರ ಹೋದಳು. ಕೈಗವಸು ಹಿತ್ತಲ ಕಟ್ಟೆಯ ಮೇಲೆ ಇತ್ತು. ಬರಿಗೈಯನ್ನು ಕಲ್ಲಿನೊಳಗೆ ಮಣಿಕಟ್ಟಿನವರೆಗೂ ತೂರಿಸಿದಳು.

"ಜಾರುತ್ತೆ," ಅಂದಳು.

ಅಷ್ಟು ಹೊತ್ತು ನಿಂತದ್ದಕ್ಕೆ ನನ್ನ ಕಾಲು ಸೋತಿತ್ತು. ಕುರ್ಚಿಗೆ ಬಂದು ಕೂತು ಪ್ಯಾಂಟು ಮೇಲೆ ಮಡಚಿದೆ, ಎಣ್ಣೆ ಹಚ್ಚುವ ಹೊತ್ತಾಗಿತ್ತು. ಅವಳು ನಲ್ಲಿಯ ಕೆಳಗೆ ಸೋಪು ಹಾಕಿ ಮೊಣಕೈಯವರೆಗೆ ಕೈ ತೊಳೆದಳು, ಆಸ್ಪತ್ರೆಯಲ್ಲಿ ತೊಳೆಯುತ್ತಿದ್ದಷ್ಟೇ ಹೊತ್ತು. ಒರೆಸಿಕೊಂಡಳು. ಎಣ್ಣೆಯ ಬಟ್ಟಲು ತಂದು ನನ್ನ ಎದುರು ಸ್ಟೂಲಿನ ಮೇಲೆ ಕೂತಳು. ಕೈಗವಸು ಇನ್ನೂ ಕಟ್ಟೆಯ ಮೇಲೇ ಇತ್ತು. ಮರೆತಳೇನೋ ಎಂದು ನಾನು ಕಾದೆ.

"ಕೈ ತೋರಿಸ್ತೀನಿ, ನೋಡಿ," ಎಂದು ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದಳು.

ನೋಡಿದೆ. ಮೂವತ್ತು ವರ್ಷದ ಹಬೆಗೆ ಕೆಂಪಾಗಿ ಒರಟಾದ ಅಂಗೈಗಳು. ಇಷ್ಟು ಹತ್ತಿರದಿಂದ ಅವುಗಳನ್ನು ನೋಡಿ ನಾಲ್ಕು ವರ್ಷವಾಗಿತ್ತು.

"ಸರಿ ಇದೆ," ಅಂದೆ.

ಅವಳು ಬಲಗೈಯನ್ನು ನನ್ನ ಮಂಡಿಯ ಗಾಯದ ಗುರುತಿನ ಮೇಲಿಟ್ಟಳು. ಎಣ್ಣೆ ಹಚ್ಚುವುದನ್ನು ಮರೆತು ಹಾಗೇ ಇಟ್ಟುಕೊಂಡು ಕೂತಳು.